ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ

ಅಮ್ಮನ ಬಲಗೈ ಜುಮ್ ಅನ್ನತೊಡಗಿ ಹದಿನೈದು ದಿನವಾಗಿತ್ತು.

ಮೊದಲ ದಿನ ಅವಳು ಅದನ್ನು ತಿಂಡಿಯ ಹೊತ್ತಿನಲ್ಲಿ ಹೇಳಿದಳು. "ಕೈ ಯಾಕೋ ಜುಮ್ ಅಂತು ಕಣೋ."

"ವಯಸ್ಸಾಯ್ತಲ್ಲಮ್ಮ, ನರ," ಎಂದ ಮಗ, ತಟ್ಟೆಯಿಂದ ತಲೆ ಎತ್ತದೆ.

ಮರುದಿನ ಮತ್ತೆ ಹೇಳಿದಳು. ಈ ಸಲ ಸೊಸೆ ಉತ್ತರ ಕೊಟ್ಟಳು. "ಬಲ ಮಗ್ಗುಲಲ್ಲೇ ಮಲಗ್ತೀರಲ್ಲ ಅತ್ತೆ, ಜೋಮು ಹಿಡಿದಿರುತ್ತೆ." ನಾಲ್ಕನೆಯ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು, "ಜುಮ್ ಅನ್ನುತ್ತಾ?" ಎಂದು ಕೇಳಿದರು. ಅಮ್ಮ, "ಅನ್ನುತ್ತೆ," ಎಂದಳು. ಎಲ್ಲಿ, ಯಾವಾಗ ಎಂದು ಅವರು ಕೇಳುವಷ್ಟರಲ್ಲಿ ಮಗನೇ, "ವಯಸ್ಸಿನದು ಸರ್, ಎಂಬತ್ತು ಹತ್ರ ಬಂತು," ಎಂದುಬಿಟ್ಟ. ಕೆಂಪು ಮಾತ್ರೆ ಬರೆದುಕೊಟ್ಟರು. ಏಳನೆಯ ದಿನದ ನಂತರ ಅಮ್ಮ ಆ ಮಾತು ಎತ್ತಲಿಲ್ಲ. ಮಾತ್ರೆ ಹಿಡಿಸಿತು ಎಂದು ಮನೆಯವರು ತಿಳಿದರು. ಹೇಳಿ ಹೇಳಿ ಸಾಕಾಗಿ ಸುಮ್ಮನಾಗುವುದಕ್ಕೂ ವಾಸಿಯಾಗುವುದಕ್ಕೂ ಪಕ್ಕದಲ್ಲಿ ಕೂತವರಿಗೆ ವ್ಯತ್ಯಾಸ ಕಾಣುವುದಿಲ್ಲ.

ಮಗನನ್ನು ಬೀದಿಯವರೆಲ್ಲ ವಾಚಣ್ಣ ಎನ್ನುತ್ತಿದ್ದರು. ಬಸ್ ನಿಲ್ದಾಣದ ಎದುರು ಅವನದೊಂದು ಗಡಿಯಾರ ರಿಪೇರಿ ಅಂಗಡಿ. ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಎತ್ತಿ ಕೂರಿಸುತ್ತ ಮೂವತ್ತೈದು ವರ್ಷ ಕಳೆದಿದ್ದ. ಅಂಥ ಕೈಗೆ ಮನೆಯ ಕೆಲಸ ಯಾವ ಲೆಕ್ಕ ಎಂಬುದು ಅವನ ನಂಬಿಕೆ. ಸ್ವಿಚ್ಚು, ಮಿಕ್ಸಿ, ನಲ್ಲಿ, ಬೇಲಿ, ಯಾವುದಕ್ಕೂ ಹೊರಗಿನವರನ್ನು ಕರೆದವನಲ್ಲ.

ಹಿತ್ತಿಲಲ್ಲಿ ಹನ್ನೆರಡು ಹೆಜ್ಜೆ ಉದ್ದದ ತೋಟವಿತ್ತು. ಟೊಮೇಟೊ, ಪುದೀನ, ಗುಲಾಬಿ, ಒಂದು ನಿಂಬೆ ಗಿಡ. ಅದು ಅಮ್ಮನ ರಾಜ್ಯ. ನೆಲದೊಳಗಿನ ತೊಟ್ಟಿಯಿಂದ ನೀರೆತ್ತುವ ಚಿಕ್ಕ ಮೋಟರು ಮೊದಲು ಅಡುಗೆಮನೆಯ ಗೋಡೆಗೆ ಒತ್ತಿಕೊಂಡಿತ್ತು. ಅದನ್ನು ಹಾಕಿದಾಗಲೆಲ್ಲ ಶೆಲ್ಫಿನ ಲೋಟಗಳು ಹಲ್ಲು ಕಡಿಯುತ್ತಿದ್ದವು. "ಇದನ್ನ ಆಚೆ ಇಡ್ರೀ, ಇಲ್ಲಾಂದ್ರೆ ನನ್ನ ಆಚೆ ಇಡ್ರೀ," ಎಂದು ಹೆಂಡತಿ ಅಂದ ಮೇಲೆ, ಮೂರು ವಾರದ ಹಿಂದೆ ಒಂದು ರಜೆಯ ದಿನ ವಾಚಣ್ಣ ಮೋಟರನ್ನು ತೋಟದ ಮೂಲೆಗೆ ಸಾಗಿಸಿ ಮೇಲೊಂದು ತಗಡು ಮುಚ್ಚಿದ. ವಯರು ಎರಡು ಮಾರು ಸಾಲಲಿಲ್ಲ. ಡ್ರಾಯರಿನಲ್ಲಿ ಹಳೆಯ ಟೇಬಲ್ ಫ್ಯಾನಿನ ವಯರಿತ್ತು. ಅದನ್ನು ಸೇರಿಸಿ ಟೇಪು ಸುತ್ತಿದ. ಕಬ್ಬಿಣದ ಪೈಪನ್ನು ಗೋಡೆಯಗುಂಟ ತಂದು ತುದಿಗೆ ಹಿತ್ತಾಳೆಯ ನಲ್ಲಿ ಕೂರಿಸಿದ. ಮೋಟರು ಹಾಕಿದರೆ ನೀರು ಬಂತು. ಕೆಲಸ ಮುಗಿಯಿತು ಎನ್ನುವುದಕ್ಕೆ ಅವನಿಗೆ ಅಷ್ಟು ಸಾಕಾಯಿತು.

ಆ ವಾರವೇ ಮೂರು ದಿನ ಜಡಿಮಳೆ ಬಂದು ನಿಂತಿತು.

ವಾಚಣ್ಣನ ಅಕ್ಕನ ಮಗಳು ದೊಡ್ಡಾಸ್ಪತ್ರೆಯಲ್ಲಿ ಎಲೆಕ್ಟ್ರಿಷಿಯನ್. ತರಬೇತಿ ಮುಗಿಸಿ ಲೈಸೆನ್ಸ್ ತೆಗೆದುಕೊಂಡು ಆರು ವರ್ಷವಾಗಿತ್ತು. ಅವಳನ್ನು ಅವನು ಫ್ಯೂಸು ಎಂದೇ ಕರೆಯುವುದು. ಆ ಭಾನುವಾರ ಸಂಜೆ ನಾಲ್ಕರ ಹೊತ್ತಿಗೆ ಅವಳು ಒಂದು ಗೋಡೆ ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು.

"ಬಾರೇ ಫ್ಯೂಸು. ಆಸ್ಪತ್ರೇಲಿ ಟೈಮು ನಿಂತುಹೋಯ್ತಾ?"

"ಆಸ್ಪತ್ರೇದಲ್ಲ ಮಾವ, ನನ್ನ ರೂಮಿಂದು. ದಿನಾ ಮೂರು ಗಂಟೆಗೆ ನಿಲ್ಲುತ್ತೆ. ಕಾಫಿ ಕುಡಿಯೋಕೆ ಹೋಗುತ್ತೋ ಏನೋ."

ವಾಚಣ್ಣ ಊಟದ ಮೇಜಿನ ಮೇಲೆ ಪೇಪರು ಹಾಸಿ ಗಡಿಯಾರ ಬಿಚ್ಚಿದ. ಕಳಚಿದ ಸ್ಕ್ರೂಗಳನ್ನು ಒಂದು ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ಇಡುತ್ತ ಹೋದ. ಹೆಂಡತಿ ಕಾಫಿ ತಂದಳು. ಎದುರಿನ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು; ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ತಿಕ್ಕಿಕೊಳ್ಳುತ್ತಿದ್ದಳು. ಮನೆಯವರಿಗೆ ಅದು ಕಂಡು ಕಂಡು ಕಾಣದಂತಾಗಿತ್ತು.

"ಯಾಕಜ್ಜಿ ಕೈ ತಿಕ್ಕೋತಿದೀರಾ?" ಎಂದು ಫ್ಯೂಸು ಕೇಳಿದಳು.

"ಏನಿಲ್ಲ ಬಿಡು."

"ಜುಮ್ ಅಂತಿತ್ತು," ಎಂದಳು ವಾಚಣ್ಣನ ಹೆಂಡತಿ. "ಮಾತ್ರೆ ತಗೊಂಡ ಮೇಲೆ ವಾಸಿಯಾಯ್ತು."

ಅಮ್ಮ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಫ್ಯೂಸು ಕಾಫಿ ಕೆಳಗಿಟ್ಟು ಕಾದಳು. ಸದ್ದು ಕೆಟ್ಟ ಯಂತ್ರದ ಪಕ್ಕ ನಿಂತು ಕಿವಿಗೊಡುವುದು ಅವಳ ದಿನದ ಕೆಲಸ.

"ನಿಜವಾಗ್ಲೂ ವಾಸಿಯಾಯ್ತಾ ಅಜ್ಜಿ?"

"ಎಲ್ಲಿ ವಾಸಿ. ಹೇಳೋದು ಬಿಟ್ಟಿದೀನಿ ಅಷ್ಟೇ."

ವಾಚಣ್ಣ ಭೂತಗನ್ನಡಿಯ ಕಣ್ಣನ್ನು ಒಮ್ಮೆ ಮೇಲೆತ್ತಿ ಮತ್ತೆ ಗಡಿಯಾರಕ್ಕೆ ಇಳಿಸಿದ.

"ಯಾವಾಗ ಜುಮ್ ಅನ್ನೋದು?" ಎಂದಳು ಫ್ಯೂಸು.

"ಬೆಳಿಗ್ಗೆ, ಗಿಡಕ್ಕೆ ನೀರು ಬಿಡೋವಾಗ. ಸಂಜೇನೂ ಅನ್ನುತ್ತೆ."

"ಮಲಗಿದಾಗ?"

"ಇಲ್ಲ."

"ಊಟ ಮಾಡೋವಾಗ, ತಲೆ ಬಾಚೋವಾಗ?"

"ಇಲ್ಲ ಕಣೆ. ನನ್ನ ನರಕ್ಕೆ ಗಿಡ ಕಂಡ್ರೆ ಆಗಲ್ಲ ಅಂತ ಕಾಣುತ್ತೆ."

"ಎಡಗೈಗೆ ಒಂದು ದಿನಾನಾದ್ರೂ ಅಂದಿದೆಯಾ?"

"ಎಡಗೈಲಿ ಯಾಕೆ ನಲ್ಲಿ ತಿರುಗಿಸಲಿ?" ಎಂದಳು ಅಮ್ಮ, ಇದೆಂಥ ಪ್ರಶ್ನೆ ಎನ್ನುವ ಹಾಗೆ.

ವಾಚಣ್ಣನ ಚಿಮಟ ಗಾಳಿಯಲ್ಲಿ ನಿಂತಿತ್ತು. ಅದರ ತುದಿಯಲ್ಲೊಂದು ಸ್ಕ್ರೂ. ಅವನು ಅದನ್ನು ತಟ್ಟೆಗೆ ಇಟ್ಟ.

"ಏನೇ ನೀನು, ಎಲೆಕ್ಟ್ರಿಷಿಯನ್ನಾ, ಲಾಯರಾ? ಆ ನಲ್ಲೀನ ನಾನೂ ಮುಟ್ತೀನಿ, ನಿಮ್ಮತ್ತೇನೂ ಮುಟ್ತಾಳೆ. ನಮಗೆ ಏನೂ ಆಗಿಲ್ಲ."

"ನೀವಿಬ್ರೂ ರಬ್ಬರ್ ಚಪ್ಪಲಿ ಹಾಕಿರ್ತೀರಿ ಮಾವ. ಅಜ್ಜಿ ಬರಿಗಾಲು, ಅದೂ ಒದ್ದೆ ಮಣ್ಣಲ್ಲಿ."

"ಅಮ್ಮ ಹುಟ್ಟಿದಾಗಿಂದ ಬರಿಗಾಲೇ."

"ನಲ್ಲಿ ಹಾಕಿದ್ದು ಯಾವಾಗ?"

"ಮೂರು ವಾರ ಆಯ್ತು."

"ಕೈ ಜುಮ್ ಅನ್ನೋಕೆ ಶುರುವಾಗಿದ್ದು?"

ಅವನು ಮಾತನ್ನು ಬೇರೆ ದಾರಿಗೆ ತಿರುಗಿಸಿದ. ಮೋಟರು ಗಟ್ಟಿಮುಟ್ಟಾಗಿದೆ, ಒಂದು ದಿನವೂ ತಕರಾರು ಮಾಡಿಲ್ಲ, ಈಗಿನವರಿಗೆ ಎಲ್ಲದಕ್ಕೂ ಭಯ, ಅವನ ಅಪ್ಪ ಒದ್ದೆ ಕೈಯಲ್ಲೇ ಬಲ್ಬು ಬದಲಿಸುತ್ತಿದ್ದರು.

"ಅರ್ಥಿಂಗ್ ಕೊಟ್ಟಿದೀರಾ?"

"ಅದೆಲ್ಲ ದೊಡ್ಡ ಫ್ಯಾಕ್ಟರಿಗೆ ಕಣೆ. ಅರ್ಧ ಎಚ್‌ಪಿ ಮೋಟರಿಗೆ ಅರ್ಥಿಂಗ್ ಕೊಡೋದು ಅಂದ್ರೆ ಇಲಿಗೆ ಮೂಗುದಾರ ಹಾಕಿದ ಹಾಗೆ. ಮೂರನೇ ಪಿನ್ನು ಇರೋದು ಪ್ಲಗ್ಗು ಅಲ್ಲಾಡದೆ ಕೂರಲಿ ಅಂತ."

ಅವನು ಇನ್ನೂ ಏನೋ ಹೇಳುವವನಿದ್ದ. ಆಗ ಹಿತ್ತಿಲ ಮೂಲೆಯಿಂದ ಗುಂಯ್ ಎಂಬ ಸದ್ದು ಎದ್ದಿತು. ಗಂಟೆ ಐದಾಗಿತ್ತು. ಐದಕ್ಕೆ ಮೋಟರು ಹಾಕುವುದು ಅವನ ಹೆಂಡತಿಯ ರೂಢಿ. ಕೈ ತನ್ನಷ್ಟಕ್ಕೆ ಸ್ವಿಚ್ಚಿಗೆ ಹೋಗಿತ್ತು. ಎದುರಿನ ಕುರ್ಚಿ ಖಾಲಿಯಿತ್ತು. ತನ್ನ ಕೈಯ ವಿಚಾರಕ್ಕೆ ಮಾತು ಬೆಳೆಯುತ್ತಿರುವುದನ್ನು ಕಂಡು ಅಮ್ಮ ಯಾವಾಗಲೋ ಎದ್ದು ಹೋಗಿದ್ದಳು.

ವಾಚಣ್ಣನೂ ಫ್ಯೂಸೂ ಹಿತ್ತಿಲ ಬಾಗಿಲಿಗೆ ಬಂದರು. ಅಮ್ಮ ಬಕೆಟ್ಟು ಹಿಡಿದು ಒದ್ದೆ ಮಣ್ಣಿನಲ್ಲಿ ನಲ್ಲಿಯ ಕಡೆ ನಡೆಯುತ್ತಿದ್ದಳು. "ಅಜ್ಜಿ, ನಲ್ಲಿ ಮುಟ್ಟಬೇಡಿ," ಎಂದಳು ಫ್ಯೂಸು. ಮೋಟರಿನ ಸದ್ದಿಗೆ ಅದು ಕೇಳಿಸಲಿಲ್ಲ. ಅಮ್ಮ ಬಕೆಟ್ಟು ಇಟ್ಟು ಬಾಗಿದಳು.

ವಾಚಣ್ಣ ತಾಯಿಯ ಕಡೆ ಓಡಿದ. ಓಡುವಾಗ ಅವನಿಗೆ ಕಂಡದ್ದು ಒಂದೇ: ಫ್ಯೂಸು ತನ್ನ ಜೊತೆ ಬರಲಿಲ್ಲ, ಬೆನ್ನು ತಿರುಗಿಸಿ ಮನೆಯೊಳಕ್ಕೆ ಓಡಿದಳು. ಇಂಥ ಹೊತ್ತಿನಲ್ಲಿ ಎಲ್ಲಿಗೆ ಹೋಗುತ್ತಾಳೆ ಇವಳು ಎಂದು ಅವನಿಗೆ ಅರ್ಥವಾಗಲಿಲ್ಲ. ತಾಯಿಗೂ ಅವನಿಗೂ ನಡುವೆ ನಾಲ್ಕು ಹೆಜ್ಜೆ ಇತ್ತು. ಮೋಟರಿನ ಸದ್ದು ನಿಂತಿತು. ಅಡುಗೆಮನೆಯ ಫ್ರಿಜ್ಜು ನಿಂತಿತು, ಒಳಗೆ ತಿರುಗುತ್ತಿದ್ದ ಫ್ಯಾನು ನಿಂತಿತು. ಅಮ್ಮನ ಬಲಗೈ ನಲ್ಲಿಯ ಮೇಲೆ ಬಿತ್ತು.

ಅಷ್ಟು ಪೂರ್ತಿಯಾದ ನಿಶ್ಶಬ್ದ ಆ ಮನೆಯಲ್ಲಿ ಎಂದೂ ಆಗಿರಲಿಲ್ಲ. ಗಡಿಯಾರದ ಅಂಗಡಿಯವನಿಗೆ ಅದು ಇನ್ನೂ ಹೆಚ್ಚು ಕೇಳಿಸಿತು.

ಅಮ್ಮ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಬೆರಳು ಬಿಡಿಸಿ ನೋಡಿಕೊಂಡಳು. "ಇವತ್ತು ಏನೂ ಅನ್ನಲಿಲ್ಲ ನೋಡೋ," ಎಂದಳು ಮಗನಿಗೆ. "ಮಾತ್ರೆ ಈಗ ಹಿಡಿಸ್ತು ಅಂತ ಕಾಣುತ್ತೆ. ನೀರು ಯಾಕೆ ಬರ್ತಿಲ್ಲ?"

ಮೇನ್ ಸ್ವಿಚ್ಚು ಆರಿಸಿ ಬಂದ ಫ್ಯೂಸು, ಅಜ್ಜಿಯನ್ನು ತೋಳು ಹಿಡಿದು ಜಗಲಿಗೆ ಕರೆತಂದು ಕೂರಿಸಿದಳು. ವಾಚಣ್ಣ ಇನ್ನೂ ಅಲ್ಲೇ ನಿಂತಿದ್ದ.

"ನಾನು ಅಮ್ಮನ ಹತ್ರ ಓಡಿದ್ರೆ ನೀನು ಆ ಕಡೆ ಓಡಿದ್ಯಲ್ಲ."

"ಅಜ್ಜಿ ಅಷ್ಟರಲ್ಲಿ ನಲ್ಲಿ ಹಿಡಿದುಬಿಟ್ಟಿದ್ರೆ ನೀವೇನು ಮಾಡ್ತಿದ್ರಿ?"

"ಎಳೀತಿದ್ದೆ."

"ಎಳೆಯೋಕೆ ಹೋಗಿ ನೀವೂ ಅಂಟಿಕೊಂಡಿರ್ತಿದ್ರಿ. ಅತ್ತೆ ಬಂದು ನಿಮ್ಮನ್ನ ಎಳೀತಿದ್ರು, ಅವರೂ ಅಂಟಿಕೊಳ್ತಿದ್ರು. ಒಂದು ಮನೇಲಿ ಮೂರು ಹೆಣ ಬೀಳೋದು ಹೀಗೇ ಮಾವ. ಕರೆಂಟು ಹಿಡಿದವರ ಹತ್ರ ಓಡಬಾರದು, ಸ್ವಿಚ್ಚಿನ ಹತ್ರ ಓಡಬೇಕು."

"ಸ್ವಿಚ್ಚು ದೂರ ಇದ್ರೆ?" ಎಂದಳು ವಾಚಣ್ಣನ ಹೆಂಡತಿ. ಮೋಟರು ಹಾಕಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ಒಣಗಿದ ಮರದ ಕೋಲೋ ಪ್ಲಾಸ್ಟಿಕ್ ಕುರ್ಚೀನೋ ತಗೊಂಡು, ಒಣ ಜಾಗದಲ್ಲಿ ನಿಂತು ದೂಡಿ ಬಿಡಿಸಬೇಕು. ಬರಿಗೈಲಿ ಮುಟ್ಟಬಾರದು. ಬಿಡಿಸಿದ ಕೂಡಲೇ ಆಂಬುಲೆನ್ಸಿಗೆ ಫೋನು. ಎದ್ದು ಕೂತು ಮಾತಾಡಿದ್ರೂ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು."

ಇಷ್ಟಾದರೂ ವಾಚಣ್ಣನಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ನಂಬಿದರೆ ತನ್ನ ಕೈಯನ್ನೇ ನಂಬದಿರಬೇಕಾಗುತ್ತಿತ್ತು. "ನಲ್ಲೀಲಿ ಕರೆಂಟಿದೆ ಅಂತ ಯಾರು ಹೇಳಿದ್ದು? ಮೋಟರು ಹಾಕು, ನಾನೇ ಬರಿಗಾಲಲ್ಲಿ ಮುಟ್ಟಿ ನೋಡ್ತೀನಿ," ಎಂದು ಚಪ್ಪಲಿ ಕಳಚಲು ಹೊರಟ.

"ಚಪ್ಪಲಿ ಹಾಕ್ಕೊಳ್ಳಿ ಮಾವ. ಮೈಯನ್ನೇ ಟೆಸ್ಟರ್ ಮಾಡ್ಕೋಬಾರದು."

ಅವಳು ಸ್ಕೂಟರಿನ ಡಿಕ್ಕಿಯಿಂದ ಕೈಗವಸು, ರಬ್ಬರಿನ ಶೂ, ಟೆಸ್ಟರು ತಂದಳು. ಎಲ್ಲರೂ ಜಗಲಿಯ ಮೇಲೆ ನಿಂತ ಮೇಲೆ ಮೇನೂ ಮೋಟರೂ ಹಾಕಿಸಿದಳು. ಟೆಸ್ಟರಿನ ತುದಿಯನ್ನು ನಲ್ಲಿಗೆ ತಾಗಿಸಿ, ಬಿಸಿಲು ಬೀಳದಂತೆ ಇನ್ನೊಂದು ಅಂಗೈಯನ್ನು ಮರೆ ಮಾಡಿದಳು. ಆ ಮರೆಯೊಳಗೆ, ಟೆಸ್ಟರಿನ ಹಿಡಿಯಲ್ಲಿ, ಒಂದು ಕಿತ್ತಳೆ ಬಣ್ಣದ ಕಿಡಿ ಹೊತ್ತಿಕೊಂಡಿತು. ಚಿಕ್ಕದು, ಒಂದು ಅಕ್ಕಿ ಕಾಳಿನಷ್ಟು. ಅಲ್ಲಾಡದೆ ಉರಿಯಿತು.

ನೀರಿನ ನಲ್ಲಿಯಲ್ಲಿ ಬೆಂಕಿ ಕಂಡವರ ಹಾಗೆ ಮೂವರೂ ಅದನ್ನು ನೋಡಿದರು.

ಮತ್ತೆ ಮೇನ್ ಆರಿಸಿ, ಮೋಟರಿನ ಪ್ಲಗ್ಗನ್ನೂ ಕಿತ್ತಿಟ್ಟು, ಫ್ಯೂಸು ವಯರಿನ ಜಾಡು ಹಿಡಿದು ಹೋದಳು. ಜಾಯಿಂಟು ಪುದೀನದ ಪಾತಿಯಲ್ಲಿ ನೆಲದ ಮೇಲೇ ಬಿದ್ದಿತ್ತು. ಟೇಪು ಬಿಚ್ಚಿದಾಗ ಒಳಗಿಂದ ನೀರು ಬಂತು. ಮೋಟರಿನ ವಯರಿನಲ್ಲಿ ಮೂರು ಎಳೆ: ಕೆಂಪು, ಕಪ್ಪು, ಹಸಿರು. ಫ್ಯಾನಿನ ವಯರಿನಲ್ಲಿ ಎರಡೇ ಎಳೆ. ಕೆಂಪು ಕಪ್ಪುಗಳಿಗೆ ಜೊತೆ ಸಿಕ್ಕಿತ್ತು. ಹಸಿರನ್ನು ವಾಚಣ್ಣ ಕತ್ತರಿಸಿ, ಹಿಂದಕ್ಕೆ ಮಡಚಿ, ಅದಕ್ಕೆ ಪ್ರತ್ಯೇಕವಾಗಿ ಟೇಪು ಸುತ್ತಿ, ತುದಿಗೆ ಸಣ್ಣ ಗಂಟು ಹಾಕಿದ್ದ.

"ಇಷ್ಟು ನೀಟಾಗಿ ಮಾಡಿದ ತಪ್ಪನ್ನ ನಾನು ಎಲ್ಲೂ ನೋಡಿಲ್ಲ ಮಾವ," ಎಂದಳು.

"ಅದಿಲ್ಲದೇನೂ ಮೋಟರು ಓಡ್ತಲ್ಲ."

ಅವಳು ಒಳಗೆ ಹೋಗಿ, ಮೇಜಿನ ಮೇಲಿದ್ದ ಸ್ಟೀಲ್ ತಟ್ಟೆಯನ್ನು ತಂದಳು. ಅದರಿಂದ ಒಂದು ಸ್ಕ್ರೂ ಎತ್ತಿ ಅಂಗೈಯಲ್ಲಿಟ್ಟು ತೋರಿಸಿದಳು. "ಇದೊಂದನ್ನ ಬಿಟ್ಟು ಉಳಿದದ್ದೆಲ್ಲ ಜೋಡಿಸಿ ಕೊಟ್ಟುಬಿಡಿ. ಗಡಿಯಾರ ನಡೆಯುತ್ತಲ್ಲ?"

"ನಡೆಯುತ್ತೆ."

"ಸರಿ, ಕೊಡಿ ಹಾಗಾದ್ರೆ."

"ಕೊಡಲ್ಲ."

"ಯಾಕೆ?"

ಮೂವತ್ತೈದು ವರ್ಷದಲ್ಲಿ ಒಂದು ಸ್ಕ್ರೂ ಉಳಿಸಿ ಅವನು ಯಾವ ಗಿರಾಕಿಗೂ ಗಡಿಯಾರ ಕೊಟ್ಟಿರಲಿಲ್ಲ. ಉಳಿದದ್ದು ಯಾವುದು, ಎಲ್ಲಿಯದು ಎಂದು ಗೊತ್ತಾಗುವವರೆಗೆ ಮತ್ತೆ ಬಿಚ್ಚುತ್ತಿದ್ದ. ಕೆಲಸ ಕಲಿಯಲು ಬಂದವರಿಗೆ ಅವನು ಮೊದಲು ಹೇಳುತ್ತಿದ್ದುದೂ ಅದನ್ನೇ. ಅವನು ಜಗಲಿಯ ಅಂಚಿಗೆ ಕೂತ. ಹಸಿರು ಎಳೆಯನ್ನು ಬೆರಳುಗಳ ನಡುವೆ ಹಿಡಿದು, ತಾನು ಹಾಕಿದ ಗಂಟನ್ನು ತಿರುಗಿಸಿ ತಿರುಗಿಸಿ ನೋಡಿದ.

ಕೊನೆಗೆ ಕೇಳಿದ: "ಇದು ಏನು ಮಾಡುತ್ತೆ?"

"ಎಲ್ಲ ಸರಿ ಇದ್ದಾಗ ಏನೂ ಮಾಡಲ್ಲ, ಸುಮ್ಮನಿರುತ್ತೆ. ಅದಕ್ಕೇ ಜನ ಬೇಡ ಅಂತಾರೆ. ಮಳೆಗೆ ನಿಮ್ಮ ಮೋಟರಿನ ಒಳಗೆ ತೇವ ಹೋಗಿದೆ, ಕರೆಂಟು ಅದರ ಮೈಗೆ ಬಂದಿದೆ, ಮೈಯಿಂದ ಪೈಪಿಗೆ, ಪೈಪಿಂದ ನಲ್ಲಿಗೆ. ಹಾಗೆ ಸೋರಿದ್ದನ್ನ ನೆಲಕ್ಕೆ ಇಳಿಸೋ ದಾರಿ ಈ ಹಸಿರು ವಯರು. ನೀವು ದಾರಿ ಮುಚ್ಚಿದಿರಿ. ಯಾರು ಬರಿಗಾಲಲ್ಲಿ ಮುಟ್ತಾರೋ, ಈಗ ಅವರೇ ದಾರಿ."

"ಬರೀ ಜುಮ್ ಅಂತಿತ್ತಲ್ಲ."

"ಸೋರಿಕೆ ಇನ್ನೂ ಸಣ್ಣದು, ಅದಕ್ಕೆ ಜುಮ್. ಇನ್ನೊಂದು ಮಳೆ ಬಂದಿದ್ರೆ ಜುಮ್ ಅನ್ನೋಕೂ ಬಿಡ್ತಿರಲಿಲ್ಲ."

ವಾಚಣ್ಣ ತಾಯಿಯ ಕಡೆ ತಿರುಗಿದ. ಅವಳು ಗಿಡಗಳನ್ನು ನೋಡುತ್ತ ಕೂತಿದ್ದಳು. ಮೊದಲ ದಿನ, ಎರಡನೆಯ ದಿನ, ನಾಲ್ಕನೆಯ ದಿನ. ಅವಳು ಹೇಳಿದ್ದೆಲ್ಲ ನಿಜವಾಗಿತ್ತು, ಮನೆಯವರ ಹತ್ತಿರ ಪ್ರತಿ ಸಲವೂ ಉತ್ತರ ಸಿದ್ಧವಾಗಿತ್ತು. ಅವನು ಏನೋ ಹೇಳಬೇಕೆಂದುಕೊಂಡ. ಬಾಯಿಗೆ ಬಂದದ್ದು, "ಬಕೆಟ್ಟು ಕೊಡಮ್ಮ, ತೊಟ್ಟಿಯಿಂದ ನಾನೇ ನೀರು ಸೇದಿ ಹಾಕ್ತೀನಿ," ಎನ್ನುವುದಷ್ಟೇ.

"ಬುಡಕ್ಕೆ ಹಾಕು, ಎಲೆ ಮೇಲೆ ಸುರೀಬೇಡ," ಎಂದಳು ಅಮ್ಮ.

ಮೂರು ದಿನ ಮೋಟರು ಓಡಲಿಲ್ಲ. ಅದು ರಿಪೇರಿ ಅಂಗಡಿಗೆ ಹೋಗಿ ಒಣಗಿ, ತೇವ ಸೋಕಿದ ಒಳಗಿನ ತಂತಿಯ ಸುತ್ತು ಬದಲಾಗಿ ಬಂತು. ಅಷ್ಟರಲ್ಲಿ ಫ್ಯೂಸು ಎರಡು ಸಂಜೆ ಬಂದು ಉಳಿದ ಕೆಲಸ ಮಾಡಿದಳು. ಸ್ವಿಚ್‌ಬೋರ್ಡಿನಿಂದ ಮೋಟರಿನವರೆಗೆ ಮೂರು ಎಳೆಯ ಒಂದೇ ವಯರು, ನಡುವೆ ಒಂದೂ ಜಾಯಿಂಟಿಲ್ಲ; ಮಣ್ಣಿನಲ್ಲಿ ಹೋಗುವಷ್ಟು ದೂರ ಪೈಪಿನೊಳಗೆ. ಹಸಿರು ಎಳೆಗೆ ನೆಲದಲ್ಲಿ ಸರಿಯಾದ ಅರ್ಥಿಂಗ್. ಮೀಟರಿನ ಪಕ್ಕ ಆರ್‌ಸಿಸಿಬಿ ಎನ್ನುವ ಸ್ವಿಚ್ಚು. ಕರೆಂಟು ಒಂಚೂರು ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಅದು ತಾನೇ ಬಿದ್ದು ಸರಬರಾಜು ಕಡಿಯುತ್ತದೆ. ವಾಚಣ್ಣ ಕಾಲುವೆ ತೋಡಿದ, ಪೈಪು ಹೂತ, ತಗಡಿನ ಬದಲು ಮೋಟರಿಗೆ ನಾಲ್ಕೂ ಕಡೆ ಇಟ್ಟಿಗೆಯ ಗೂಡು ಕಟ್ಟಿದ. ವಯರು ಮುಟ್ಟಲಿಲ್ಲ. "ನೀವು ಮಾಡಬಹುದಾದ್ದು ಬೇಕಾದಷ್ಟಿದೆ ಮಾವ," ಎಂದು ಫ್ಯೂಸು ಮೊದಲೇ ಹೇಳಿದ್ದಳು. "ಇದು ಅದರಲ್ಲಿಲ್ಲ. ನನ್ನ ಗಡಿಯಾರ ನಾನು ಬಿಚ್ಚಿದ್ನಾ?"

ಡಾಕ್ಟರಿಗೂ ವಿಷಯ ತಿಳಿಸಿದರು. ಅವರು ಅಮ್ಮನ ಎದೆಬಡಿತ ಪರೀಕ್ಷಿಸಿ, ಸರಿಯಾಗಿದೆ ಎಂದರು. ಈ ಸಲ ಕೇಳಿದ್ದಕ್ಕೆಲ್ಲ ಅಮ್ಮನೇ ಉತ್ತರ ಕೊಟ್ಟಳು.

ನಾಲ್ಕನೆಯ ದಿನ ಬೆಳಿಗ್ಗೆ ಫ್ಯೂಸು ಟೆಸ್ಟರು ಹಿಡಿದು, ಸೋರಿಕೆ ಅಳೆಯುವ ಮೀಟರು ಹಿಡಿದು ನಲ್ಲಿಯನ್ನು ಎರಡೆರಡು ಸಲ ನೋಡಿದ ಮೇಲೆ ಅಮ್ಮ ಅದನ್ನು ತಿರುಗಿಸಿದಳು. ನೀರು ಬಂತು. ವಾಚಣ್ಣ ಹತ್ತಿರ ನಿಂತಿದ್ದ.

"ಜುಮ್ ಅಂತಾ ಅಮ್ಮ?"

ಅವನು ಹಾಗೆ ಕೇಳಿದ್ದು ಅದೇ ಮೊದಲು. ಅಮ್ಮ ಕೈಯನ್ನು ಹಿತ್ತಾಳೆಯ ಮೇಲೆ ಇನ್ನಷ್ಟು ಹೊತ್ತು ಇಟ್ಟುಕೊಂಡಳು.

"ಇಲ್ಲ. ತಣ್ಣಗಿದೆ," ಎಂದಳು.

ಓದುಗರೇ, ನಿಮ್ಮ ಮನೆಯಲ್ಲೂ ಜುಮ್ ಅನ್ನುವ ವಸ್ತು ಒಂದಿರಬಹುದು. ವಾಷಿಂಗ್ ಮಷೀನು, ಫ್ರಿಜ್ಜಿನ ಹಿಡಿ, ಗೀಸರಿನ ನಲ್ಲಿ, ಹಬ್ಬಕ್ಕೆ ದೀಪದ ಸರ ಸುತ್ತಿದ ಕಬ್ಬಿಣದ ಗೇಟು. ಅದರ ಸ್ವಭಾವವೇ ಹಾಗೆ ಎಂದು ಚಪ್ಪಲಿ ಹಾಕಿಕೊಂಡು ಮುಟ್ಟುವುದನ್ನು ಇವತ್ತೇ ಬಿಡಿ. ಮೇನ್ ಆರಿಸಿ, ಪ್ಲಗ್ಗು ಕೀಳಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರನ್ನು ಕರೆಯಿರಿ. ಮನೆಯ ಸಣ್ಣಪುಟ್ಟ ಕೆಲಸ ನೀವೇ ಮಾಡಿಕೊಳ್ಳುವವರಾದರೆ, ಗೋಡೆಗೆ ಡ್ರಿಲ್ ಹಿಡಿಯುವ ಮುಂಚೆ ಒಳಗೆ ವಯರು ಎಲ್ಲಿ ಹೋಗಿದೆ ಎಂದು ತಿಳಿದುಕೊಳ್ಳಿ. ಬೇಲಿ ಕತ್ತರಿಸುವ ಯಂತ್ರದ ವಯರನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಡಿ, ಬ್ಲೇಡಿನ ದಾರಿಗೆ ಬರದಿರಲಿ. ಮಳೆಯಲ್ಲಿ, ಒದ್ದೆ ಹುಲ್ಲಿನಲ್ಲಿ ಅದನ್ನು ಓಡಿಸಬೇಡಿ. ಕರೆಂಟು ಹೋಗಿದೆ ಎಂದು ವಯರಿಗೆ ಕೈ ಹಾಕಬೇಡಿ, ತಾನಾಗಿ ಹೋದದ್ದು ತಾನಾಗಿ ಬರುತ್ತದೆ. ತೋಟದ ವಯರಿಗೆ ಟೇಪಿನ ಜಾಯಿಂಟು ಬೇಡ. ಮೂರನೆಯ ಪಿನ್ನು ಮುರಿಯಬೇಡಿ, ಹಸಿರು ಎಳೆ ಕತ್ತರಿಸಬೇಡಿ. ಮೀಟರಿನ ಹತ್ತಿರ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಇದ್ದರೆ ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ, ಅದು ಬೀಳುತ್ತದೆಯೇ ನೋಡಿ. ಮೇನ್ ಸ್ವಿಚ್ಚು ಎಲ್ಲಿದೆ ಎಂಬುದು ಮನೆಯಲ್ಲಿ ಪ್ರತಿಯೊಬ್ಬರಿಗೂ ಗೊತ್ತಿರಲಿ.

ಇವತ್ತು ಊಟಕ್ಕೆ ಕೂತಾಗ ಒಂದು ಪ್ರಶ್ನೆ ಕೇಳಿ: ಮುಟ್ಟಿದರೆ ಕೈಗೆ ಏನಾದರೂ ಅನ್ನುವಂಥದ್ದು ನಮ್ಮ ಮನೆಯಲ್ಲಿ ಇದೆಯಾ? ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವರನ್ನು ಮೊದಲು ಕೇಳಿ. ಕೇಳಿದ ಮೇಲೆ, ಅವರು ಉತ್ತರ ಹೇಳುವವರೆಗೆ ಕಾಯಿರಿ.